ಕೆಳಗಡೆ ಅಂಗಡಿ ಖಾಲಿ ಇದೆ

ಬೇರೆಯವರು ಕಾಲೇಜಿಗೆ ಹೋಗಿ ಗೊತ್ತಿಲ್ಲದ್ದನ್ನು ತಿಳಿದುಕೊಂಡು ಬರುತ್ತಾರೆ. ನಾನು ಹೋದರೆ ಗೊತ್ತಿದ್ದದ್ದೂ ಕಲಸುಮೇಲೋಗರವಾಗಿ ವಾಪಸ್ ಬರುತ್ತದೆ. ಬಿಬಿಎ ಸೇರಿ, ಅದರಲ್ಲೂ ‘ಉದ್ಯಮಶೀಲತೆ ಮತ್ತು ಸಣ್ಣ ವ್ಯಾಪಾರ ನಿರ್ವಹಣೆ’ ಎನ್ನುವ ಪೇಪರ್ ತೆಗೆದುಕೊಂಡ ಮೇಲಂತೂ ಯಾವುದಾದರೂ ವಾರ ಎಡವಟ್ಟಾಗದಿದ್ದರೆ ನನಗೇ ಭಯವಾಗುತ್ತಿತ್ತು.

ಮೊದಲು ನಮ್ಮ ಮನೆ ವಿಷಯ ಹೇಳಿಬಿಡುತ್ತೇನೆ. ನಮ್ಮದು ಹೊಸಹಳ್ಳಿ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮನೆಯಿದೆ, ಅದರ ಮೇಲೆ ಬಾಡಿಗೆಯವರಿದ್ದಾರೆ, ಕೆಳಗೆ ರಸ್ತೆಗೆ ಮುಖ ಮಾಡಿ ಒಂದು ಅಂಗಡಿ ಮಳಿಗೆ ಇದೆ. ಅಲ್ಲಿದ್ದ ಜೆರಾಕ್ಸಿನವರು ಖಾಲಿ ಮಾಡಿದ ದಿನದಿಂದ ನನ್ನ ಕಣ್ಣೆಲ್ಲ ಅದರ ಮೇಲೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾರುವ ಒಂದು ಪುಟ್ಟ ಅಂಗಡಿ ಇಡಬೇಕು ಅನ್ನುವುದು ನನ್ನ ಆಸೆ. ಅಪ್ಪನ ಲೆಕ್ಕದಲ್ಲಿ ವ್ಯಾಪಾರ ಎಂದರೆ ಬಾಡಿಗೆ, ಮಿಕ್ಕಿದ್ದೆಲ್ಲ ತಲೆನೋವು. ತುಂಬಾ ಗೋಗರೆದ ಮೇಲೆ ಒಂದು ಮಾತು ಕೊಟ್ಟರು.

“ಆ ಬಿಸಿನೆಸ್ ಪೇಪರ್ರು ಒಂದೇ ಸಲಕ್ಕೆ ಪಾಸ್ ಮಾಡು, ಮಳಿಗೆ ನಿಂಗೇ. ಫೇಲಾದ್ಯೋ, ಅವತ್ತೇ ಬಾಡಿಗೆಗೆ ಕೊಡ್ತೀನಿ.”

ಹಾಗಾಗಿ ಕ್ಲಾಸಿನಲ್ಲಿ ಉಳಿದವರು ಮಾರ್ಕ್ಸಿಗೆ ಓದುತ್ತಿದ್ದರೆ ನಾನು ಒಂದು ಶಟರ್ ಬಾಗಿಲಿಗೆ ಓದುತ್ತಿದ್ದೆ.

ರಿಸ್ಕ್

ಮೊದಲನೇ ಕ್ಲಾಸು. ನಮ್ಮ ಲೆಕ್ಚರರ್ ಮೇಜು ಗುದ್ದಿ ಶುರು ಮಾಡಿದರು. “ಉದ್ಯಮಿ ಅಂದ್ರೆ ಯಾರು? ಯಾರನ್ನೂ ಕೇಳ್ದೆ, ಯಾರಿಗೂ ಹೆದರ್ದೆ ರಿಸ್ಕ್ ತಗೊಳ್ಳೋರು! ಏಳಿ, ಈಗ್ಲೇ ಮಾರ್ಕೆಟ್‌ಗೆ ಹೋಗಿ, ನೋಡ್ಕೊಂಡು ಬನ್ನಿ!”

ನಮಗೂ ಉತ್ಸಾಹ ಬಂತು. ಬ್ಯಾಗು ಎತ್ತಿಕೊಂಡು ಎಲ್ಲರೂ ಬಾಗಿಲ ಹತ್ತಿರ ಬಂದೆವು.

“ನಿಂತ್ಕೊಳ್ಳಿ, ನಿಂತ್ಕೊಳ್ಳಿ. ಅಪ್ಪ ಅಮ್ಮನ ಹತ್ರ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು ಬಂದಿದೀರಾ?”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. “ಸಾರ್, ಯಾರನ್ನೂ ಕೇಳ್ದೆ ಅಂದ್ರಲ್ಲ ಈಗ?”

ಲೆಕ್ಚರರ್ ಬಾಗಿಲಾಚೆ ಒಮ್ಮೆ ಇಣುಕಿ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ನಾನು ಹಂಗೆ ಹೇಳ್ಬೋದಾ ಇಲ್ವಾ ಅಂತ ಪ್ರಿನ್ಸಿಪಾಲರನ್ನ ಒಂದ್ಮಾತು ಕೇಳ್ಕೊಂಡು ಬರ್ತೀನಿ, ಕೂತಿರಿ.”

ಓದೋ ಹುಡುಗಿ

ಆಮೇಲೆ ಮಾರುಕಟ್ಟೆ ಸಮೀಕ್ಷೆ ಬಂತು. ನಾನು ಬಸವೇಶ್ವರನಗರದಲ್ಲಿ ಒಂದು ರಸ್ತೆ ಹಿಡಿದೆ. ನನ್ನ ಪ್ರಶ್ನೆ ಸರಳವಾಗಿತ್ತು. ರಾಗಿ ಚಕ್ಕುಲಿ ಮಾಡಿ ಮಾರಿದರೆ ನೀವು ಕೊಳ್ಳುತ್ತೀರಾ, ಇಲ್ಲವಾ?

ಮೊದಲನೇ ಮನೆ ಆಂಟಿ ಪ್ರಶ್ನೆ ಪೂರ್ತಿ ಕೇಳಲೇ ಇಲ್ಲ. “ಯಾವ್ದಕ್ಕೆ ಟಿಕ್ ಹಾಕಿದ್ರೆ ನಿಂಗೆ ಮಾರ್ಕ್ಸ್ ಬರುತ್ತಮ್ಮಾ?”

“ಹಂಗೇನಿಲ್ಲ ಆಂಟಿ, ನಿಮ್ಮ ಅಭಿಪ್ರಾಯ ಹೇಳಿ ಸಾಕು.”

“ನನ್ನ ಅಭಿಪ್ರಾಯ ಕಟ್ಕೊಂಡು ನಿಂಗೇನಾಗ್ಬೇಕು? ಕೊಳ್ತೀನಿ ಅಂತ ಹಾಕ್ಕೋ. ದಿನಾ ಕೊಳ್ತೀನಿ ಅಂತ ಹಾಕ್ಕೋ.” ಇಷ್ಟು ಹೇಳಿ ಸುಮ್ಮನಾಗದೆ ಕಾಂಪೌಂಡ್ ಹತ್ತಿರ ಹೋಗಿ ಪಕ್ಕದ ಮನೆಗೆ ಕೂಗಿದರು. “ರೀ, ಒಂದ್ ಹುಡುಗಿ ಬರ್ತಾಳೆ. ಪಾಪ, ಓದೋ ಹುಡುಗಿ. ಏನ್ ಕೇಳಿದ್ರೂ ಹೂಂ ಅಂದ್ಬಿಡಿ!”

ರಸ್ತೆಗೆ ರಸ್ತೆಯೇ ಹೂಂ ಅಂದಿತು. ಹಲ್ಲೇ ಇಲ್ಲದ ಅಜ್ಜರೊಬ್ಬರು ಚಕ್ಕುಲಿ ಇಲ್ಲದೆ ಕಾಫಿ ಕುಡಿಯುವುದಿಲ್ಲ ಎಂದು ಬರೆಸಿದರು. ನನಗೆ ಎರಡು ಮನೆಯಲ್ಲಿ ಕೇಸರಿಬಾತ್ ಕೂಡ ಸಿಕ್ಕಿತು. ಇಂಥ ಬೇಡಿಕೆಯನ್ನು ತಾವು ಪುಸ್ತಕದಲ್ಲೂ ಕಂಡಿಲ್ಲ ಎಂದು ಲೆಕ್ಚರರ್ ಕುಣಿದಾಡಿ, ಒಳ್ಳೆ ಮಾರ್ಕ್ಸ್ ಕೊಟ್ಟರು. ನಾನೂ ಅಮ್ಮನ ಕೈಯಲ್ಲಿ ಎರಡು ಡಬ್ಬಿ ರಾಗಿ ಚಕ್ಕುಲಿ ಒತ್ತಿಸಿಕೊಂಡು ಅದೇ ರಸ್ತೆಗೆ ಹೋದೆ.

ಆಂಟಿಗೆ ಆಶ್ಚರ್ಯ. “ಇದ್ಯಾಕಮ್ಮ ತಂದೆ?”

“ದಿನಾ ಕೊಳ್ತೀನಿ ಅಂದಿದ್ರಲ್ಲ ಆಂಟಿ.”

“ಅಂದಿದ್ದೆ. ಮಾರ್ಕ್ಸ್ ಬಂತೋ ಇಲ್ವೋ?”

“ಬಂತು.”

“ಮತ್ತಿನ್ನೇನು?” ಎಂದು ಬಾಗಿಲು ಹಾಕಿಕೊಂಡರು. ಆ ರಾಗಿ ಚಕ್ಕುಲಿ ನಮ್ಮ ಮನೆಯಲ್ಲಿ ಮುಂದಿನ ಹಬ್ಬದವರೆಗೂ ಬಂತು.

ಯಶಸ್ಸಿನ ಗುಟ್ಟು

ಮುಂದಿನ ಅಸೈನ್‌ಮೆಂಟು ಯಶಸ್ವಿ ಉದ್ಯಮಿಯೊಬ್ಬರ ಸಂದರ್ಶನ. ನಾನೂ ನನ್ನ ಗೆಳತಿಯೂ ವಿಜಯನಗರದ ಒಂದು ದರ್ಶಿನಿಗೆ ಹೋದೆವು. ಅಲ್ಲಿ ಬೆಳಿಗ್ಗೆ ಎಂಥ ಜನ ಅಂದರೆ ಪ್ಲೇಟ್ ಇಡಲು ಜಾಗವಿಲ್ಲದೆ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಇಟ್ಟುಕೊಂಡು ತಿನ್ನುತ್ತಾರೆ. ಯಶಸ್ಸು ಕಣ್ಣಿಗೇ ಕಾಣುತ್ತಿತ್ತು.

ಓನರ್ ಗಲ್ಲಾದಲ್ಲಿ ಕೂತಿದ್ದರು. ನಮ್ಮ ಕೊರಳಿನ ಐಡಿ ಕಾರ್ಡು, ಕೈಲಿದ್ದ ಪೆನ್ನು ನೋಡಿದ್ದೇ ತಡ, ಅವರ ಮುಖ ಬಾಡಿತು. ಕ್ಯೂಆರ್ ಕೋಡ್ ಮೆಲ್ಲಗೆ ಮೇಜಿನ ಕೆಳಗೆ ಹೋಯಿತು.

“ಸಾರ್, ದಿನಕ್ಕೆ ಎಷ್ಟು ಜನ ಗ್ರಾಹಕರು ಬರ್ತಾರೆ?”

“ಯಾರೂ ಬರಲ್ಲಮ್ಮ. ಸತ್ತೋಗಿದೆ ವ್ಯಾಪಾರ.”

“ಮತ್ತೆ ಇವ್ರೆಲ್ಲ?”

ಓನರ್ ಒಮ್ಮೆ ಹೊರಗೆ ನೋಡಿದರು. “ನೆಂಟ್ರು.”

“ನಿಮ್ಮ ಯಶಸ್ಸಿನ ಗುಟ್ಟೇನು ಸಾರ್?”

“ಯಶಸ್ಸೇ ಇಲ್ಲ, ಇನ್ನು ಗುಟ್ಟೆಲ್ಲಿಂದ ಬರುತ್ತೆ?”

ನಾವು ಟ್ಯಾಕ್ಸ್ ಆಫೀಸಿನವರು ಅಂತ ಅವರು ತಿಳಿದಿದ್ದಾರೆ ಎನ್ನುವುದು ನಮಗೆ ಆಗ ಹೊಳೆಯಿತು. ಸ್ಟೂಡೆಂಟ್ಸ್ ಸಾರ್ ಎಂದರೆ “ಎಲ್ರೂ ಹಂಗೇ ಹೇಳ್ಕೊಂಡು ಬರೋದು” ಎಂದರು. ಏನು ಮಾಡುವುದೆಂದು ತೋಚದೆ ತಿರುಗಿ ನೋಡಿದರೆ ಖಾರಾಬಾತ್ ಪ್ಲೇಟ್ ಹಿಡಿದುಕೊಂಡು ನಮ್ಮ ಲೆಕ್ಚರರೇ ನಿಂತಿದ್ದಾರೆ! ಹೋದ ಜೀವ ಬಂದಂತಾಯಿತು. ಅವರನ್ನು ಗಲ್ಲಾದ ಹತ್ತಿರ ಕರೆದುಕೊಂಡು ಬಂದೆ.

“ಸಾರ್, ಇವ್ರು ನಮ್ಮ ಲೆಕ್ಚರರ್ರು. ನಿಮ್ಮಲ್ಲೇ ತಿಂಡಿ ತಿಂತಿದಾರಲ್ಲ, ಇವ್ರನ್ನೇ ಕೇಳಿ.”

“ಇವ್ರಾ? ಇವ್ರನ್ನ ನಾನು ನೋಡೇ ಇಲ್ಲ” ಎಂದರು ಓನರ್.

ಲೆಕ್ಚರರ್ ಕೂಡ ತಲೆಯಾಡಿಸಿದರು. “ಹೌದೌದು, ನಾನು ಇಲ್ಲಿಗೆ ಬಂದೇ ಇಲ್ಲ.” ಯಾಕೆಂದರೆ ಆ ಹೊತ್ತಿಗೆ ಅವರು ಕಾಲೇಜಿನಲ್ಲಿ ಸೆಕೆಂಡ್ ಇಯರಿಗೆ ಪಾಠ ಮಾಡುತ್ತಿರಬೇಕಿತ್ತು.

ಒಂದಾದರೂ ವ್ಯವಹಾರ

ಕೊನೆಗೆ ಬಂತು ಬಿಸಿನೆಸ್ ಮೇಳ. ಕಾಲೇಜಿನ ಅಂಗಳದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು. ಬೇರೆ ಕಾಲೇಜಿನಿಂದ ಪರೀಕ್ಷಕಿ ಬರುತ್ತಾರೆ, ಅವರ ಕಣ್ಣೆದುರು ಒಂದಾದರೂ ನಿಜವಾದ ವ್ಯವಹಾರ ನಡೆಯಬೇಕು. ನಡೆಯದಿದ್ದರೆ ಆ ಪೇಪರ್ ಫೇಲು. ಅಂದರೆ ನನ್ನ ಮಳಿಗೆಯೂ ಹೋಯಿತು. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮೇಜಿನ ಮೇಲೆ ಚಕ್ಕುಲಿ, ನಿಪ್ಪಟ್ಟಿನ ಪ್ಯಾಕೆಟ್ ಜೋಡಿಸಿ, ಕ್ಯೂಆರ್ ಕೋಡ್ ನಿಲ್ಲಿಸಿ, ನಮ್ಮ ಸ್ಟಾಲಿಗೆ ಪರೀಕ್ಷಕಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಲು ಸ್ಟಾಫ್ ರೂಮಿಗೆ ಹೋದೆ. ಬರುವಷ್ಟರಲ್ಲಿ ಅಮ್ಮ ಬಂದಿದ್ದಳು. ಜೊತೆಗೆ ಅಪ್ಪ, ದೊಡ್ಡಮ್ಮ, ಮಲ್ಲತ್ತಹಳ್ಳಿಯ ಇಬ್ಬರು ಅತ್ತೆಯರು. ಮಗಳು ಮೊದಲ ಸಲ ಅಂಗಡಿ ಇಡುತ್ತಿದ್ದಾಳೆ, ಪೂಜೆ ಮಾಡದಿದ್ದರೆ ಹೇಗೆ? ದೀಪ ಹಚ್ಚಿ, ಹೂವು ಮುಡಿಸಿ, ನಿಂಬೆಹಣ್ಣು ಕುಯ್ದು ಆಗಿತ್ತು. ಈಗ ಅಮ್ಮ ಅಲ್ಲಿದ್ದ ಹೆಂಗಸರಿಗೆಲ್ಲ ಕುಂಕುಮ ಕೊಟ್ಟು, ಎಲೆ ಅಡಿಕೆ ಜೊತೆ ಒಂದೊಂದು ಪ್ಯಾಕೆಟ್ ಕೊಡುತ್ತಿದ್ದಳು. ಅತ್ತೆಯರಿಗಾಯಿತು, ಲೇಡಿ ಲೆಕ್ಚರರ್‌ಗಳಿಗಾಯಿತು, ಪಕ್ಕದ ಸ್ಟಾಲಿನ ಹುಡುಗಿಯರಿಗೂ ಆಯಿತು.

“ಅಮ್ಮಾ! ಅದು ಮಾರಕ್ಕೆ ಇಟ್ಟಿರೋದು!”

“ಪೂಜೆಗೆ ಬಂದ ಹೆಣ್ಮಕ್ಕಳನ್ನ ಬರಿಗೈಲಿ ಕಳಿಸ್ತಾರೇನೇ? ಸುಮ್ನಿರು, ಒಳ್ಳೇದಾಗುತ್ತೆ.”

ಮೇಜಿನ ಮೇಲೆ ಒಂದೇ ಪ್ಯಾಕೆಟ್ ಉಳಿದಿತ್ತು. ಅಷ್ಟರಲ್ಲಿ ನಮ್ಮ ಲೆಕ್ಚರರ್ ಜೊತೆ ಪರೀಕ್ಷಕಿ ಬಂದೇಬಿಟ್ಟರು. ಪ್ಯಾಕೆಟ್ ನೋಡಿ “ಇದೊಂದು ಕೊಡಮ್ಮ” ಎಂದು ಸ್ಕ್ಯಾನ್ ಮಾಡಲು ಮೊಬೈಲ್ ಚಾಚಿದರು. ಒಂದು ಸಾಕು, ದೇವರೇ, ಒಂದೇ ಒಂದು ಸಾಕು ಎಂದುಕೊಂಡೆ.

ಅಮ್ಮ ಅವರ ಕೈ ಹಿಡಿದುಕೊಂಡಳು. “ಛೇ, ಮುತ್ತೈದೇರ ಹತ್ರ ದುಡ್ಡಾ? ತಗೊಳ್ಳಿ ಮೇಡಂ. ನಾವೇನು ವ್ಯಾಪಾರದ ಜನ ಅಲ್ಲ, ಮಗಳ ಮಾರ್ಕ್ಸಿಗೆ ಅಂತ ಇಷ್ಟೆಲ್ಲ.”

ಖಾಲಿ ಮೇಜು ನೋಡಿ ನನಗೆ ನಿಜವಾಗಿಯೂ ಅಳು ಬಂತು. ಪರೀಕ್ಷಕಿ ಪೆನ್ನು ತೆಗೆದರು. “ಹಾಗಾದ್ರೆ ಈ ಸ್ಟಾಲಲ್ಲಿ ವ್ಯವಹಾರ ಏನೂ ಆಗಿಲ್ಲ.”

ಇಷ್ಟು ಹೊತ್ತೂ ನಿಪ್ಪಟ್ಟು ತಿನ್ನುತ್ತಾ ನಿಂತಿದ್ದ ಅಪ್ಪ ಮುಂದೆ ಬಂದರು. “ಇವ್ಳು ಫೇಲಾ ಮೇಡಂ?”

“ಏನ್ ಮಾಡೋದು ಸಾರ್, ರೂಲ್ಸ್ ಹಾಗಿದೆ.”

ಅಪ್ಪ ನಿಟ್ಟುಸಿರು ಬಿಟ್ಟರು. “ಸರಿ ಬಿಡಿ. ಹಂಗಾದ್ರೆ ಮೇಡಂ, ನಮ್ಮನೆ ಕೆಳಗಡೆ ಅಂಗಡಿ ಖಾಲಿ ಇದೆ. ಹೊಸಹಳ್ಳಿ ಮೆಟ್ರೋ ಹತ್ರ. ನಿಮ್ ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ.”

ಪೆನ್ನು ನಿಂತಿತು. “ಮೆಟ್ರೋಗೆ ನಡ್ಕೊಂಡು ಹೋಗ್ಬೋದಾ?”

“ಆರಾಮಾಗಿ. ಕಾವೇರಿ ನೀರಿದೆ, ಬೋರೂ ಇದೆ.”

“ನಮ್ಮೆಜಮಾನ್ರು ಟ್ಯೂಷನ್ ಮಾಡಕ್ಕೆ ಜಾಗ ಹುಡುಕ್ತಾ ಇದಾರೆ...”

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಫೋನಿನಲ್ಲಿ ಯಜಮಾನರು ಒಪ್ಪಿದರು, ಬಾಡಿಗೆ ಚೌಕಾಸಿ ಆಯಿತು, ಅಡ್ವಾನ್ಸಿನ ಟೋಕನ್ ಅಂತ ಪರೀಕ್ಷಕಿ ಅಲ್ಲೇ ಎದುರಿಗಿದ್ದ ನನ್ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಹಾಕಿದರು.

ನಮ್ಮ ಲೆಕ್ಚರರ್ ಖುಷಿಯಿಂದ ಕುಣಿದುಬಿಟ್ಟರು. “ಮೇಡಂ, ವ್ಯವಹಾರ ಆಯ್ತು! ಈ ಸ್ಟಾಲಲ್ಲೇ ಆಯ್ತು! ನಿಮ್ಮೆದುರಿಗೇ ಆಯ್ತು!”

ಪರೀಕ್ಷಕಿಗೆ ಇಲ್ಲ ಅನ್ನಲಾಗಲಿಲ್ಲ, ಮಾಡಿದ್ದು ಅವರೇ. ಇಡೀ ಮೇಳದಲ್ಲಿ ತಿಂಗಳು ತಿಂಗಳೂ ಆದಾಯ ಬರುವ ಸ್ಟಾಲ್ ಇದೊಂದೇ ಎಂದು ಬರೆದು ನನ್ನನ್ನು ಪಾಸ್ ಮಾಡಿದರು.

ಮನೆಗೆ ಹೋಗುವಾಗ ನಾನು ತಡೆಯಲಾರದೆ ಕೇಳಿದೆ. “ಪಾಸಾದ್ರೆ ಮಳಿಗೆ ನಂಗೆ ಅಂದಿದ್ರಲ್ಲಪ್ಪ?”

“ಅಂದಿದ್ದೆ. ನೀನು ಫೇಲಾದೆ ಅಂತ ಬಾಡಿಗೆಗೆ ಕೊಟ್ಟೆ. ಬಾಡಿಗೆಗೆ ಕೊಟ್ಟಿದ್ದಕ್ಕೆ ನೀನು ಪಾಸಾದೆ. ಕೊಡ್ದೇ ಇದ್ದಿದ್ರೆ ಫೇಲಾಗ್ತಿದ್ದೆ. ಫೇಲಾಗಿದ್ರೆ ಮಳಿಗೆ ನಿಂಗೆಲ್ಲಿ ಬರ್ತಿತ್ತು?”

ಇದರಲ್ಲಿ ಎಲ್ಲೋ ಏನೋ ತಪ್ಪಿದೆ ಎಂದು ಅವತ್ತಿನಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಹೊಟ್ಟೆ ಉರಿಯುವುದಂತೂ ನಿಂತಿಲ್ಲ. ನಾನು ಚಕ್ಕುಲಿ ಡಬ್ಬಿ ಜೋಡಿಸಬೇಕೆಂದಿದ್ದ ಜಾಗದಲ್ಲಿ ಈಗ ಬೆಂಚುಗಳಿವೆ.

ಮೊನ್ನೆ ಶಟರ್ ಮೇಲೆ ಹೊಸ ಬೋರ್ಡು ಬಂತು. ‘ಬಿಬಿಎ, ಬಿಕಾಂ ಟ್ಯೂಷನ್. ಸ್ವಂತ ಅಂಗಡಿ ಶುರು ಮಾಡುವುದು ಹೇಗೆ? ವಿಶೇಷ ತರಗತಿ.’ ಅಪ್ಪ ಅದನ್ನು ಓದಿ ಖುಷಿಯಿಂದ ಮೆಟ್ಟಿಲು ಹತ್ತಿ ಬಂದರು.

“ಕೇಳ್ಕೊಂಡು ಬಂದೆ ಕಣಮ್ಮ. ಓನರ್ ಮಗಳು ಅಂತ ನಿಂಗೆ ಫೀಸಿಲ್ವಂತೆ. ಕೆಳಗಡೆ ಹೋಗಿ ಕೂತ್ಕೋ, ಅಂಗಡಿ ಹೆಂಗ್ ಇಡೋದು ಅಂತ ಹೇಳ್ಕೊಡ್ತಾರಂತೆ.”