ಸತ್ಯನಾರಾಯಣನೂ ನನ್ನ ಮ್ಯೂಟೂ

ಫೋನಿನ ಸೌಂಡು ಪೂರ್ತಿ ಇಳಿಸಿದರೆ ‘ಮ್ಯೂಟ್’ ಆಗುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನನಗೇ ಕೇಳಿಸದ ಮೇಲೆ ಲೋಕಕ್ಕೆ ಹೇಗೆ ಕೇಳಿಸೀತು, ಅಲ್ಲವೇ?

ಲಾಕ್‌ಡೌನಿನಲ್ಲಿ, ಬಾಳೂರಿನ ನಮ್ಮ ಎಸ್ಟೇಟಿನ ಒಡತಿ ವಸಂತಮ್ಮನವರಿಗೆ ಸತ್ಯನಾರಾಯಣ ಪೂಜೆಯ ಹರಕೆ ನೆನಪಾಯಿತು. ಭಟ್ಟರು ಕಳಸ ಪೇಟೆಯಲ್ಲಿ ಸಿಕ್ಕಿಬಿದ್ದಿದ್ದರು, ನೆಂಟರು ಅವರವರ ಊರಲ್ಲಿ.

“ನಾನಿದ್ದೀನಲ್ಲ ಅಮ್ಮಾ! ದೇವರನ್ನೇ ಆನ್‌ಲೈನಿಗೆ ಕರೆಸ್ತೀನಿ!” ಎಂದು ಎದೆ ತಟ್ಟಿಕೊಂಡೆ. ನಾನು ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್. ಮ್ಯಾನೇಜರ್ ಕುರ್ಚಿ ಖಾಲಿಯಿತ್ತು.

“ಐದೂ ಅಧ್ಯಾಯ ನನ್ನ ಕಿವಿಗೆ ಬೀಳ್ಬೇಕು ಮಾರಾಯ. ಬಿದ್ರೆ ಆ ಕುರ್ಚಿ ನಿಂದೇ” ಎಂದರು ಅಮ್ಮಾವ್ರು.

ಪೂಜೆಯ ದಿನ ನಲವತ್ತು ಮನೆಗಳು ನನ್ನ ಫೋನಿನೊಳಗೆ! “ಭಟ್ರೊಬ್ಬರನ್ನ ಬಿಟ್ಟು ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ!” ಎಂದು ಅಪ್ಪಣೆ ಕೊಡಿಸಿದೆ. ಮಾಡಿಕೊಂಡರು. ಮೇಲ್ಪಂಕ್ತಿ ಹಾಕಬೇಕಲ್ಲ, ನಾನೂ ಸೌಂಡನ್ನು ಸೊನ್ನೆಗಿಳಿಸಿದೆ.

ಪರದೆಯಲ್ಲಿ ಭಟ್ಟರು ಎರಡು ಬೆರಳೆತ್ತಿ ಎರಡನೇ ಅಧ್ಯಾಯ ಎಂದು ತೋರಿಸುವಷ್ಟರಲ್ಲಿ ಕಾಲಿಗೆ ಜೋಮು, ಹೊಟ್ಟೆ ಚುರುಚುರು. ಕೂತಲ್ಲಿ ಕೂರಲಾರೆ!

“ದಿವ್ಯಾ, ಈ ಭಟ್ರು ಕಥೆ ಹೇಳ್ತಿದ್ದಾರೋ, ರಬ್ಬರ್ ಎಳೀತಿದ್ದಾರೋ?”

“ಶ್! ಕೇಳಿಸುತ್ತೆ ರೀ” ಎಂದಳು ಹೆಂಡತಿ.

“ಮ್ಯೂಟಲ್ಲಿದೀನಿ ಮಾರಾಯ್ತಿ! ಅಮ್ಮಾವ್ರನ್ನ ನೋಡು. ಬೆಳಗಿಂದ ಉಪವಾಸವಂತೆ, ಸೆರಗಿನಡಿ ಗೋಡಂಬಿ ಡಬ್ಬಿ! ಕಣ್ಣು ಮುಚ್ಚಿರೋದು ಭಕ್ತಿಗಲ್ಲ, ನಿದ್ದೆಗೆ!”

ಪರದೆಯಲ್ಲಿ ಅಮ್ಮಾವ್ರು ಥಟ್ಟನೆ ಕಣ್ಣು ಬಿಟ್ಟರು. ಡಬ್ಬಿ ಮಾಯ! ಆಮೇಲೆ ತಮ್ಮ ಕಿವಿ ಮುಟ್ಟಿ ಮುಟ್ಟಿ ತೋರಿಸಿದರು.

“ನೋಡಿದ್ಯಾ? ಕಥೆ ಕಿವಿಗೆ ಇಂಪಾಗಿದೆಯಂತೆ!”

ತುಟಿಯ ಮೇಲೆ ಬೆರಳಿಟ್ಟರು.

“ಪರವಶರಾಗಿದ್ದಾರೆ ಪಾಪ, ಮಾತೇ ಹೊರಡ್ತಿಲ್ಲ!”

ಉಳಿದ ಚೌಕಗಳಲ್ಲಿ ನೆಂಟರೆಲ್ಲ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ಅಲುಗುತ್ತಿದ್ದರು. ಕಣ್ಣಲ್ಲಿ ನೀರು. ಆನಂದಬಾಷ್ಪ ಎಂದುಕೊಂಡೆ!

“ಕುರ್ಚಿ ಸಿಗ್ಲಿ ದಿವ್ಯಾ, ಆಮೇಲೆ ಅಮ್ಮಾವ್ರನ್ನೇ ಮ್ಯಾನೇಜ್ ಮಾಡ್ತೀನಿ!”

ಅಷ್ಟರಲ್ಲಿ ಭಟ್ಟರು ಮಂಗಳಾರತಿ ಎತ್ತುವ ಬದಲು ಇನ್ನೊಂದು ಫೋನೆತ್ತಿದರು. ಇಲ್ಲಿ ದಿವ್ಯಾಳ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡೆ.

“ರೈಟ್ರೇ, ನೀವು ಮುಚ್ಕೊಂಡಿದ್ದು ನಿಮ್ಮ ಕಿವಿ. ಬಾಯಿ ತೆರೆದೇ ಇದೆ!”

ಹೆಸರಿಗೆ ರೈಟರ್, ಮಾಡಿದ್ದೆಲ್ಲ ರಾಂಗು! ಬೆವರೊರೆಸಿಕೊಂಡು ಸೌಂಡು ಏರಿಸಿದೆ. ಕುರ್ಚಿಯ ಒಂದು ಕಾಲಾದರೂ ಉಳಿದೀತೇನೋ ಎಂಬ ಆಸೆ.

“ಅಮ್ಮಾ... ಕಥೆ... ಕಿವಿಗೆ ಬಿತ್ತಾ?”

ಅಮ್ಮಾವ್ರು ಎಲ್ಲರೆದುರೇ ಡಬ್ಬಿ ತೆರೆದು, ಗೋಡಂಬಿಯೊಂದನ್ನು ಬಾಯಿಗೆ ಹಾಕಿಕೊಂಡರು.

“ಕಥೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಿತ್ತು.”