ಕಾಲು ಮುಂದಾಗಿ ಹುಟ್ಟಿದವನ ಸೊಂಟ

ಕೆಲವರು ಓದಿ ಡಾಕ್ಟರಾಗುತ್ತಾರೆ, ಕೆಲವರು ಓದದೆಯೂ ಆಗುತ್ತಾರೆ. ನಾನು ಹುಟ್ಟುವಾಗಲೇ ಆಗಿದ್ದೆ. ಎಲ್ಲ ಮಕ್ಕಳೂ ತಲೆ ಮುಂದು ಮಾಡಿಕೊಂಡು ಭೂಮಿಗೆ ಬಂದರೆ ನಾನು ಕಾಲು ಮುಂದು ಮಾಡಿಕೊಂಡು ಬಂದೆ. ನಮ್ಮ ತಿಪ್ಪಸಂದ್ರದ ಕಡೆ ಹಾಗೆ ಹುಟ್ಟಿದವನ ಕಾಲಿಗೆ ಬಲು ಬೆಲೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಅವನ ಮನೆಗೆ ಬಂದು ಹೊಸ್ತಿಲ ಬಳಿ ಬಗ್ಗಿ ನಿಲ್ಲಬೇಕು. ಅವನು ಎಡಗಾಲಲ್ಲಿ ಮೂರು ಸಲ ಒದೆಯಬೇಕು. ಅಲ್ಲಿಗೆ ಉಳುಕು ಹೋಯಿತು. ನನ್ನ ಮೊದಲ ರೋಗಿ ಪಕ್ಕದ ಮನೆಯಲ್ಲಿರುವ ಸೋದರತ್ತೆ ಗಂಗತ್ತೆ. ಆಗ ನನಗೆ ಐದು ವರ್ಷ. ಮೂರನೆಯ ಒದೆ ಬಿದ್ದ ತಕ್ಷಣ "ಹೋಯ್ತು ಕಣ್ಮಗ, ಹೋಯ್ತು" ಎನ್ನುತ್ತಾ ಎದ್ದು ಸರಸರನೆ ನಡೆದುಹೋದದ್ದು ಇನ್ನೂ ಕಣ್ಣ ಮುಂದಿದೆ. ಅಲ್ಲಿಂದಾಚೆಗೆ ನಾನು ಒದೆಯದ ಹಿರಿಯರು ಊರಲ್ಲಿ ಉಳಿಯಲಿಲ್ಲ. ನಮ್ಮ ಹೆಡ್‌ಮಾಸ್ತರರು ಶನಿವಾರ ನನ್ನಿಂದ ಒದೆಸಿಕೊಂಡು, ಸೋಮವಾರ ಮಗ್ಗಿ ತಪ್ಪಿದ್ದಕ್ಕೆ ನನಗೇ ಬಾರಿಸಿದ್ದರು. ವಾಸಿಯಾಗಲಿಲ್ಲ ಎಂದು ವಾಪಸ್ಸು ಬಂದವರು ಒಬ್ಬರೂ ಇಲ್ಲ. ಇಂಥ ಹೆಸರು ಯಾವ ದೊಡ್ಡಾಸ್ಪತ್ರೆಗಿದೆ ಹೇಳಿ.

ಅಂಥ ನನ್ನ ಸೊಂಟವೇ ಹಿಡಿದುಕೊಂಡಿತು ಎಂದರೆ ಇದಕ್ಕಿಂತ ಅನ್ಯಾಯ ಉಂಟೆ? ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದ ಮೇಲೆ ನಾನೂ ಒಂದರಲ್ಲಿ ಸ್ಟೋರ್ಸ್ ಗುಮಾಸ್ತನಾದೆ. ತಿಪ್ಪಸಂದ್ರದಿಂದ ಮಾಗಡಿಗೆ ಒಂದು ಬಸ್ಸು, ಮಾಗಡಿಯಿಂದ ಬಿಡದಿಗೆ ಇನ್ನೊಂದು. ಕಾರ್ಖಾನೆ ಕಟ್ಟಲು ಜಲ್ಲಿ ಹೊತ್ತ ಟಿಪ್ಪರ್‌ಗಳು ಓಡಾಡಿ ಓಡಾಡಿ, ರಸ್ತೆಯಲ್ಲಿ ಗುಂಡಿ ಬಿದ್ದಿತ್ತು ಎನ್ನುವುದಕ್ಕಿಂತ ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆ ಉಳಿದಿತ್ತು ಎನ್ನಬೇಕು. ನನಗೆ ಸಿಗುತ್ತಿದ್ದುದು ಯಾವಾಗಲೂ ಹಿಂದಿನ ಸೀಟು. ಒಂದು ದಿನ ಬಸ್ಸು ಎತ್ತಿ ಹಾಕಿದ ರಭಸಕ್ಕೆ ಸೊಂಟದಲ್ಲಿ ಏನೋ ಛಳಕ್ ಎಂದಿತು. ಬಿಡದಿಯಲ್ಲಿ ಏಳಲಾಗಲಿಲ್ಲ. ಕಂಡಕ್ಟರು "ಇಳೀರಿ ಸಾರ್, ಬಿಡದಿ ಬಂತು" ಎಂದ. "ಇಳಿಯೋಕಾದ್ರೆ ಇಳೀತಿರ್ಲಿಲ್ವೇನಯ್ಯ" ಎಂದು ರೇಗಿದೆ. ಕಡೆಗೆ ಇಬ್ಬರು ಸೇರಿ ನನ್ನನ್ನು ಮೂಟೆಯಂತೆ ಇಳಿಸಿದರು.

ಸಿಟ್ಟು ಬಂದದ್ದು ನೋವಿಗಲ್ಲ. ಊರಿನ ಸೊಂಟಗಳಿಗೆಲ್ಲ ನನ್ನ ಕಾಲಿತ್ತು, ನನ್ನ ಸೊಂಟಕ್ಕೆ ಯಾರ ಕಾಲಿದೆ? ನನಗೆ ನಾನೇ ಒದ್ದುಕೊಳ್ಳುವುದಕ್ಕಂತೂ ದೇವರು ಅನುಕೂಲ ಮಾಡಿಕೊಟ್ಟಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಇನ್ನಾರಾದರೂ ಇದ್ದಾರೆಯೇ ಎಂದು ಸುತ್ತಮುತ್ತ ವಿಚಾರಿಸಿದೆ. ಕೆಂಪಾಪುರದಲ್ಲಿ ಒಬ್ಬರಿದ್ದರಂತೆ, ತೀರಿಕೊಂಡಿದ್ದರು. ಇನ್ನು ಹೊಸಬರು ಹುಟ್ಟುವುದಾದರೂ ಹೇಗೆ? ಈಗೀಗ ಮಗು ಹೊಟ್ಟೆಯಲ್ಲಿ ಒಂಚೂರು ತಿರುಗಿ ಕೂತಿದೆ ಎಂದರೆ ಸಾಕು, ಆಪರೇಷನ್ ಮಾಡಿ ತೆಗೆದುಬಿಡುತ್ತಾರೆ. ತಾಯಿ ಮಗು ಕ್ಷೇಮ, ಸಂತೋಷ. ಆದರೆ ನಾಡಿನ ಸೊಂಟಗಳ ಗತಿ ಏನು ಎಂದು ಯಾರಾದರೂ ಯೋಚಿಸಿದ್ದಾರೆಯೇ?

ವಾರವಾದರೂ ನಾನು ಬಗ್ಗಿಯೇ ಓಡಾಡುತ್ತಿದ್ದೆ. ಒದೆಯುವವನೇ ಸೊಂಟ ಹಿಡಿದು ನಡೆದರೆ ಊರಲ್ಲಿ ಮರ್ಯಾದೆ ಉಳಿಯುತ್ತದೆಯೇ? ಯಾರಾದರೂ ಎದುರಾದರೆ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ನಟಿಸುತ್ತಿದ್ದೆ. ನನ್ನ ಹೆಂಡತಿ ಸರೋಜ ನೋಡುವಷ್ಟು ನೋಡಿ, "ಎಷ್ಟು ದಿನ ಅಂತ ಚಪ್ಲಿ ಸರಿಮಾಡ್ಕತೀರಿ? ನಿಮ್ ಕಾರ್ಖಾನೆಗೇ ಬೆನ್ನಿನ ಡಾಕ್ಟ್ರು ಬತ್ತಾರಂತಲ್ಲ, ಒಸಿ ತೋರಿಸ್ಕಬಾರ್ದಾ" ಎಂದಳು.

ಬರುತ್ತಿದ್ದುದು ನಿಜ. ಪ್ರತಿ ಗುರುವಾರ ಬೆಂಗಳೂರಿನಿಂದ ಒಬ್ಬ ಕೈರೋಪ್ರಾಕ್ಟಿಕ್ ಡಾಕ್ಟರು ಬರುತ್ತಿದ್ದರು. ಔಷಧಿಯಿಲ್ಲ, ಸೂಜಿಯಿಲ್ಲ, ಬರಿಗೈಯಲ್ಲಿ ಬೆನ್ನುಮೂಳೆಯ ಕೀಲುಗಳನ್ನು ಒತ್ತಿ ಸಡಿಲಿಸುವ ವಿದ್ಯೆ. ನಾನು ಕಾಲಲ್ಲಿ ಮಾಡುವುದನ್ನು ಇವರು ಕೈಯಲ್ಲಿ ಮಾಡುತ್ತಾರೆ, ಅದಕ್ಕೆ ಪರದೇಶದಲ್ಲಿ ಓದಿ ಬರಬೇಕಾಯಿತೆ ಎಂದು ಗೊಣಗಿಕೊಂಡೇ ಹೋದೆ.

ಹೋದರೆ, ಆ ಮನುಷ್ಯ ಅರ್ಧ ಗಂಟೆ ನನ್ನನ್ನು ಮುಟ್ಟಲೇ ಇಲ್ಲ. ಬರೀ ಪ್ರಶ್ನೆ. ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದೆಯೇ, ಪಾದ ಜೋಮು ಹಿಡಿಯುತ್ತದೆಯೇ, ಮೂಳೆ ಮುರಿದದ್ದುಂಟೆ. ಆಮೇಲೆ "ನೋವು ಹತ್ತರಲ್ಲಿ ಎಷ್ಟು ಸಾರ್?" ಎಂದರು. ನೋವಿಗೂ ಪರೀಕ್ಷೆಯ ಹಾಗೆ ಅಂಕ! ನನ್ನ ಹೊಸ್ತಿಲಿಗೆ ಬಂದವರನ್ನು ನಾನು ಎಂದಾದರೂ ಒಂದು ಪ್ರಶ್ನೆ ಕೇಳಿದ್ದೆನೆ? ಬಗ್ಗಿದರು, ಒದ್ದೆ, ಹೋದರು. ಇವರು ಮಂಡಿಗೆ ಸುತ್ತಿಗೆ ಬಡಿದು, ಕಾಲೆತ್ತಿಸಿ ಇಳಿಸಿ, ಕೊನೆಗೆ ಬೋರಲು ಮಲಗಿಸಿ, ಉಸಿರು ಬಿಡಿ ಎಂದು ಒಂದು ಸಲ ಒತ್ತಿದರು. ಲಟಲಟ ಎಂದಿತು. ನನ್ನ ಆಯಸ್ಸು ಮುಗಿಯಿತು ಅಂದುಕೊಂಡೆ. "ಮೂಳೆ ಮುರಿಯೋ ಸದ್ದಲ್ಲ ಸಾರ್, ಕೀಲಿನೊಳಗಿನ ಗಾಳಿ" ಎಂದರು. "ಒಂದೆರಡು ದಿನ ಮೈಕೈ ನೋವು ಜಾಸ್ತಿಯಾಗಬಹುದು. ಒಂದೇ ಸಲಕ್ಕೆ ಹೋಗಲ್ಲ, ಇನ್ನೂ ನಾಲ್ಕೈದು ಸಲ ಬರಬೇಕು. ಹೇಗಿದೆ ಅಂತ ನಿಜ ಹೇಳಬೇಕು, ಅದರ ಮೇಲೆ ಮುಂದಿನದು."

ನೋವು ಜಾಸ್ತಿಯಾಗುತ್ತದೆ ಎಂದು ಮೊದಲೇ ಹೇಳಿ ಕಳಿಸುವ ಡಾಕ್ಟರನ್ನು ಎಲ್ಲಾದರೂ ಕಂಡಿದ್ದೀರಾ? ಹೇಳಿದಂತೆಯೇ ಆಯಿತು, ಅದು ಇನ್ನೂ ಸಿಟ್ಟು ತರಿಸಿತು. ಮುಂದಿನ ಗುರುವಾರ ಅವರು "ಕತ್ತೂ ಬಿಗಿದಿರೋ ಹಾಗಿದೆ, ನೋಡೋಣ್ವಾ?" ಎಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಸೊಂಟವೇ ಅಷ್ಟು ಸದ್ದು ಮಾಡಿದ ಮೇಲೆ ಕತ್ತು ಎಷ್ಟು ಮಾಡೀತು? "ಎಲ್ಲಾ ವಾಸಿಯಾಯ್ತು ಸಾರ್" ಎಂದು ಮಂಚದಿಂದ ಇಳಿದು ನೆಟ್ಟಗೆ ನಡೆದು ಹೊರಬಂದೆ. ಬಾಗಿಲು ದಾಟಿದ ಮೇಲೆ ಮತ್ತೆ ಬಗ್ಗಿದೆ.

ಸಂಜೆ ಜಗುಲಿಯ ಮೇಲೆ ಕೂತು ಗಂಗತ್ತೆಯ ಮುಂದೆ ಇದನ್ನೆಲ್ಲ ಕಾರಿಕೊಂಡೆ. "ಐದಾರು ಸಲ ಹೋಗ್ಬೇಕಂತೆ ಅತ್ತೆ. ನಿನ್ನ ಸೊಂಟ ನಾನು ಒಂದೇ ಸಲಕ್ಕೆ ಬಿಡಿಸಲಿಲ್ವಾ? ನೀನೇ ಹೇಳು."

ಅತ್ತೆ ಎಲೆಗೆ ಸುಣ್ಣ ಸವರುತ್ತಾ, "ಎಲ್ಲಿ ಬುಡ್ತಪ್ಪ" ಎಂದಳು. "ಮೂರು ತಿಂಗ್ಳು ನರಳ್ದೆ."

"ಮತ್ತೆ ಹೋಯ್ತು ಹೋಯ್ತು ಅಂತ ಎದ್ದು ಹೋದೆಯಲ್ಲ?"

"ಹೋಗ್ಲಿಲ್ಲ ಅಂದಿದ್ರೆ ಇನ್ನೊಂದು ಸಲ ಒದೀತಿದ್ದೆ ಕಣ್ಮಗ ನೀನು. ಊರೋರೆಲ್ಲ ಅಂಗೇ ಅಂತಿದ್ದಿದ್ದು. ಎಳೇ ಹುಡ್ಗ, ಬೇಜಾರು ಮಾಡ್ಕಬುಟ್ಟಾನು ಅಂತ್ಲೂ ಒಸಿ ಇತ್ತು ಅನ್ನು."

ಹೆಡ್‌ಮಾಸ್ತರರು ಆ ಸೋಮವಾರ ಅಷ್ಟು ಜೋರಾಗಿ ಬಾರಿಸಿದ್ದು ಮಗ್ಗಿಗಲ್ಲ ಎಂದು ಇಷ್ಟು ವರ್ಷಗಳ ಮೇಲೆ ಹೊಳೆಯಿತು.

ಮುಂದಿನ ಗುರುವಾರ ಸೊಂಟ ಹಿಡಿದುಕೊಂಡು ಡಾಕ್ಟರ ಮುಂದೆ ಹೋಗಿ ನಿಂತೆ. ಅವರು ಬೆರಗಾಗಿ, "ವಾಸಿಯಾಯ್ತು ಅಂದ್ರಲ್ಲ ಸಾರ್?" ಎಂದರು.

"ನಮ್ಮೂರಲ್ಲಿ ಎಲ್ಲರೂ ಹಾಗೇ ಹೇಳೋದು ಸಾರ್" ಎಂದು ಬೋರಲು ಮಲಗಿದೆ.