ಗಡಿಕಲ್ಲಿನ ಬಳಿ ಸೀಟು ಬದಲಾಯಿಸಿದ್ದು

ಈ ಸಂಗತಿಯನ್ನು ಹೇಳದೆ ಮುಂದೆ ಹಾಕುತ್ತ ಬಂದದ್ದಕ್ಕೆ ನನ್ನಲ್ಲಿ ಬಗೆಬಗೆಯ ಕಾರಣಗಳಿವೆ. ಒಮ್ಮೆ ಕನ್ನಡಕ ಒಡೆದಿತ್ತು. ಇನ್ನೊಮ್ಮೆ ಮನೆಗೆ ಸುಣ್ಣ ಹೊಡೆಸುತ್ತಿದ್ದೆವು. ಮತ್ತೊಮ್ಮೆ ಎಲ್ಲವೂ ಸರಿಯಾಗಿತ್ತು, ಅಂಥ ಒಳ್ಳೆಯ ದಿನವನ್ನು ಏಕೆ ಕೆಡಿಸಬೇಕು ಎನಿಸಿತು. ತಪ್ಪು ಮಾಡುವಾಗ ಮಾತ್ರ ನನಗೆ ಇಷ್ಟೊಂದು ಸಿದ್ಧತೆ ಬೇಕಾಗಿರಲಿಲ್ಲ.

ಎಂಬತ್ತರ ದಶಕದಿಂದ ನಾನು ಚಿಕ್ಕಬಳ್ಳಾಪುರದ ಒಂದು ತರಕಾರಿ ಮಂಡಿಯಲ್ಲಿ ಟೆಂಪೋ ಡ್ರೈವರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಡ್ರೈವರುಗಳ ನಡುವೆ ನಾನೇ ವಕೀಲ. ಪೆರೇಸಂದ್ರದ ಪರೋಟ ಹೋಟೆಲಿನಲ್ಲಿ ನಾನಾ ರಾಜ್ಯಗಳ ಲಾರಿಗಳು ನಿಲ್ಲುತ್ತಿದ್ದವು. ಕುಡಿದು ಓಡಿಸಿದರೆ ಯಾವ ರಾಜ್ಯದಲ್ಲಿ ಏನು ಶಿಕ್ಷೆ ಎಂಬುದು ಅಲ್ಲಿ ಮುಗಿಯದ ಚರ್ಚೆ. ನಮ್ಮಲ್ಲಿ ಕೋರ್ಟಿಗೆ ದಂಡ ಕಟ್ಟಿ ಬಂದರಾಯಿತು ಎಂದು ಒಬ್ಬ ಹೇಳಿದರೆ, ಸೇಲಂ ಕಡೆ ಲೈಸೆನ್ಸನ್ನೇ ಕಿತ್ತುಕೊಳ್ಳುತ್ತಾರೆ ಎಂದು ಇನ್ನೊಬ್ಬ ಹೆದರಿಸುತ್ತಿದ್ದ. ನಂದಿಯ ದ್ರಾಕ್ಷಿಯನ್ನು ಗುಜರಾತಿಗೆ ಒಯ್ದು ಬಂದವನೊಬ್ಬ, "ಅಲ್ಲಿ ಓಡಿಸೋದಿರ್ಲಿ, ಕುಡಿದು ನಡ್ಕೊಂಡು ಹೋದ್ರೂ ಹಿಡೀತಾರೆ ಕಣ್ರಪ್ಪ. ದ್ರಾಕ್ಷಿ ಹಣ್ಣಾಗಿದ್ರೆ ಒಳಕ್ಕೆ ಬಿಡ್ತಾರೆ, ರಸ ಆಗಿ ಹಳೇದಾದ್ರೆ ಬಿಡಲ್ಲ" ಎಂದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, "ಎಲ್ಲಿ ಕುಡಿದೆವೋ ಅಲ್ಲಿನ ಕಾನೂನು ಕಣ್ರೋ" ಎಂದು ತೀರ್ಪು ಕೊಟ್ಟೆ. ಇದನ್ನು ಎಲ್ಲಿ ಓದಿದೆ ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ತೊಂಬತ್ತರ ದಶಕದ ನಡುವೆ ಆಂಧ್ರದಲ್ಲಿ ಪಾನನಿಷೇಧ ಬಂತು. ಗೌರಿಬಿದನೂರು ದಾಟಿ ಸ್ವಲ್ಪ ದೂರ ಹೋದರೆ ಆಂಧ್ರ, ಅದರಾಚೆ ಹಿಂದೂಪುರ. ಈಚೆಗೆ ದಂಡ ಕಟ್ಟಿದರೆ ಮುಗಿಯುವ ತಪ್ಪಿಗೆ ಆಚೆಗೆ ಜೈಲು. ಅದಕ್ಕೆ ನಮ್ಮವರು ಒಂದು ಪದ್ಧತಿ ಮಾಡಿಕೊಂಡರು. ಕುಡಿದವನು ಗಡಿಕಲ್ಲಿನ ತನಕ ಓಡಿಸುವುದು. ಅಲ್ಲಿ ಇಳಿದು ಎಡಗಡೆ ಸೀಟಿಗೆ ಹೋಗಿ, ಕುಡಿಯದವನ ಕೈಗೆ ಸ್ಟೇರಿಂಗ್ ಕೊಡುವುದು. ಕಲ್ಲಿನ ಈಚೆಗೆ ಅಡ್ಡ ಬರುವ ಮೇಕೆಗೂ ಮುದುಕಿಗೂ ಪ್ರಾಣವಿದೆ ಎಂಬುದು ನಮಗೆ ಹೊಳೆಯಲಿಲ್ಲ. ನಾವು ಕಾನೂನಿಗೆ ಹೆದರುತ್ತಿದ್ದವರು, ಅಪಘಾತಕ್ಕಲ್ಲ.

ಒಂದು ಮಧ್ಯಾಹ್ನ ಟೊಮೇಟೊ ತುಂಬಿಕೊಂಡು ಹೊರಟಿದ್ದೆ. ವಿದುರಾಶ್ವತ್ಥದ ಪಕ್ಕದ ಊರಿನಲ್ಲಿ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಹತ್ತಿಕೊಂಡ. ಊರಿನ ರಾಮಮಂದಿರದಲ್ಲಿ ಭಜನೆಗೆ ಅವನದೇ ಮೃದಂಗ. ಹರಿದ ಚರ್ಮ ಹಾಕಿಸಲು ಅದನ್ನು ಹಿಂದೂಪುರಕ್ಕೆ ಒಯ್ಯುತ್ತಿದ್ದ. ಕಾಫಿಯನ್ನೂ ಮುಟ್ಟದ ಮನುಷ್ಯ. ಹತ್ತಿದ ತಕ್ಷಣ ಮೂಗು ಮುಚ್ಚಿಕೊಂಡು, "ಭಾವ, ಇಲ್ಲಿಂದ್ಲೇ ನಾನು ಓಡಿಸ್ತೀನಿ ಕೊಡಿ" ಎಂದ.

"ಇನ್ನೂ ಕರ್ನಾಟಕ ಕಣಪ್ಪ, ಸುಮ್ಕಿರು" ಎಂದೆ.

ಗಡಿಕಲ್ಲಿನ ಬಳಿ ಸೀಟು ಬದಲಾಯಿಸಿದೆವು. ಸೀಬೆ ಎಲೆ ಜಗಿಯುತ್ತ ಸಾಧುವಿನಂತೆ ಕೂತೆ. ಆಚೆಗೆ ಪೊಲೀಸರು ಕೈ ಅಡ್ಡ ಹಿಡಿದರು. ಪೇದೆ ಮೊದಲು ಮೃದಂಗವನ್ನು ಬಡಿದ. ಹರಿದದ್ದು, ಬೊದ್ದೆಂದಿತು. ಒಳಗೇನೋ ಇದೆ ಎಂದು ಅವನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಅಷ್ಟರಲ್ಲಿ ಸಾಹೇಬರು ನನ್ನ ಬಾಯಿಯ ವಾಸನೆ ಹಿಡಿದರು. ನಾನು ನನ್ನ ತೀರ್ಪನ್ನೇ ಮುಂದಿಟ್ಟೆ: "ಕುಡಿದದ್ದು ಕರ್ನಾಟಕದಲ್ಲಿ, ಸ್ವಾಮಿ."

"ಮರಿ ಕಡುಪು ಎಕ್ಕಡುಂದಿ?" ಎಂದರು ಅವರು. ಹೊಟ್ಟೆ ಈಗ ಯಾವ ರಾಜ್ಯದಲ್ಲಿದೆ ಎಂದು!

ಪೊಲೀಸರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನನ್ನನ್ನು ಉಳಿಸಿತು; ನಡೆದುಕೊಂಡು ನಿನ್ನ ರಾಜ್ಯಕ್ಕೆ ಹೋಗಿ ಬೀಳು ಎಂದರು. ಅಷ್ಟರಲ್ಲಿ ಪೇದೆ ಡ್ರೈವರ್ ಸೀಟಿನ ಕೆಳಗಿಂದ, ವಾಪಸು ಬರುವಾಗ ಕುಡಿಯಲೆಂದು ನಾನು ಬಚ್ಚಿಟ್ಟಿದ್ದ ಸೀಸೆಯನ್ನು ಎತ್ತಿ ಹಿಡಿದ. "ಸೀಸಾ ಎವರಿದಿ?"

ಯಾರದು ಎಂದು ಕೇಳಿದ್ದು ಬಾಮೈದನನ್ನು, ಅವನು ಕೂತದ್ದು ಆ ಸೀಟಿನಲ್ಲಲ್ಲವೆ. ಅವನು ನನ್ನ ಕಡೆ ನೋಡಿದ. ಸೀಸೆಗೆ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ನಾನು ಟೊಮೇಟೊ ಬುಟ್ಟಿಗಳನ್ನು ನೋಡುತ್ತಿದ್ದೆ. ಅವನು "ನನಗೆ ಗೊತ್ತಿಲ್ಲ ಸಾರ್" ಎಂದನೇ ಹೊರತು, ಅಕ್ಕನ ಗಂಡನ ಕಡೆ ಬೆರಳು ತೋರಿಸಲಿಲ್ಲ.

ಅವನನ್ನು ಠಾಣೆಗೆ ಎಳೆದೊಯ್ದರು. ಮಂಡಿಯ ಯಜಮಾನರು ಹೋಗಿ ಬಿಡಿಸಿಕೊಂಡು ಬಂದರು. ಪೊಲೀಸರು ಬಿಟ್ಟರು, ಊರು ಬಿಡಲಿಲ್ಲ. "ಏನಪ್ಪಾ ಭಾಗವತ್ರೇ, ಹಿಂದೂಪುರದಾಗೆ ತೀರ್ಥ ಚೆನ್ನಾಗಿತ್ತಾ?" ಎಂದು ಅರಳಿಕಟ್ಟೆಯವರು ಕಾಡಿದರು. ಅವನು ಮಂದಿರಕ್ಕೆ ಹೋಗುವುದನ್ನೇ ಬಿಟ್ಟ. ನಾನು ಕುಡಿತ ಬಿಟ್ಟೆ. ಅದಕ್ಕೆ ಜನ ನನ್ನನ್ನು ಹೊಗಳಿದರು, ನೋಡಿ! ಬಾಮೈದನ ಗತಿ ಕಂಡು ಭಾವ ಬುದ್ಧಿ ಕಲಿತ ಎಂದರು. ಆ ಹೊಗಳಿಕೆಯನ್ನೂ ನಾನು ಸುಮ್ಮನೆ ಇಟ್ಟುಕೊಂಡೆ.

ಮೊನ್ನೆ ಅವನ ಮಗಳು ಫೋನು ಮಾಡಿದಳು. "ಮಾವ, ಅಪ್ಪ ಮೃದಂಗ ಇಳಿಸಿ ಧೂಳು ಒರೆಸ್ತಾ ಇದಾರೆ. ಮಂದಿರದೋರು ಮತ್ತೆ ಕರೆದವ್ರೆ. ಹೋಗ್ಲೋ ಬೇಡ್ವೋ ಅಂತಾರೆ." ಅವತ್ತೇ ಇದನ್ನು ಬರೆಯಲು ಕೂತೆ. ಏಕಾದಶಿಯ ದಿನ ಹೋಗಿ, ಭಜನೆಗೆ ಮೊದಲು ಎಲ್ಲರೆದುರು ಓದುವುದೆಂದು ತೀರ್ಮಾನಿಸಿದ್ದೇನೆ. ಅವನು ಬರುತ್ತಾನೆ, ಬಾರಿಸುತ್ತಾನೆ ಎಂದು ನನ್ನ ಮನಸ್ಸು ಹೇಳುತ್ತಿದೆ.

ಹೆಂಡತಿಗೆ ಓದಿ ಹೇಳಿದೆ. ಅವಳಿಗೂ ಇದು ಗೊತ್ತಿರಲಿಲ್ಲ. ಕೊನೆಯವರೆಗೂ ಕೇಳಿದಳು. ಆಮೇಲೆ, "ಬಾಮೈದ, ಬಾಮೈದ ಅಂತ ಇದ್ರಾಗೂ ನಿಮ್ಮ ಸಂಬಂಧಾನೇ ಬರ್ಕೊಂಡಿದೀರಲ್ರೀ. ಕೆಟ್ಟಿದ್ದು ಅವನ ಹೆಸರು. ಅದನ್ನ ಬರೀರಿ ಮೊದ್ಲು" ಎಂದಳು.

ಬರೆಯುತ್ತಿದ್ದೇನೆ. ಆ ಸೀಸೆ ನನ್ನದು. ಅದನ್ನು ಮುಟ್ಟದೆಯೂ ಅದರ ಕೆಟ್ಟ ಹೆಸರನ್ನು ಹೊತ್ತವನು, ನಾನು ಈವರೆಗೆ ಕ್ಷಮೆ ಕೇಳದವನು, ಪಿಳ್ಳಪ್ಪನವರ ಮಗ, ಮೃದಂಗದ ಅಶ್ವತ್ಥಪ್ಪ.